ಹುಡುಗರ ಕೈಗೆ ಆಡು ಕೊಡಿ, ಸಾಲಿ ಮಾತ್ರ ಬಿಡಿಸಬೇಡಿ!

ಮೊನ್ನೆ ಸಂಜೆ ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಬಸ್ಸಿನಲ್ಲಿ ನಡೆದ ಪ್ರಸಂಗ ಇದು. ಸೀಟೆಲ್ಲ ಭರ್ತಿ, ನಿಲ್ಲುವುದಕ್ಕೂ ಜಾಗವಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಮೊಮ್ಮಗ. ಹುಡುಗನ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿಕೊಂಡ ಕಪ್ಪು ಆಡಿನ ಮರಿ. ಕಿವಿ ಮಾತ್ರ ಹೊರಗೆ.

"ಯವ್ವಾ, ನಿನಗ ಟಿಕೇಟ್ ಫ್ರೀ ಐತಿ, ಕಾರ್ಡ್ ತೋರ್ಸು. ಆದ್ರ ಈ ಮರಿಗೆ ಟಿಕೇಟ್ ತಗೋಬೇಕಾಗ್ತದ ನೋಡು" ಅಂದ ಕಂಡಕ್ಟರ್.

"ಅದ್ಯಾಕಪ್ಪಾ? ಇದೂ ಹೆಣ್ಣೇ ಐತಿ!" ಅಂದಳು ಅಜ್ಜಿ.

ಬಸ್ಸಿಗೆ ಬಸ್ಸೇ ನಕ್ಕಿತು. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ ಆಗಿದೆಯಷ್ಟೆ. ಅಜ್ಜಿಯ ಲೆಕ್ಕದಲ್ಲಿ ಅದು ಆಡಿಗೂ ಸೇರುತ್ತದೆ! ಕೊನೆಗೆ ಕಂಡಕ್ಟರ್ ಟಿಕೇಟ್ ಹರಿದನೋ, ನಕ್ಕು ಮುಂದೆ ಹೋದನೋ, ಅದನ್ನು ನಾವು ಇಲ್ಲಿ ಬರೆಯುವುದಿಲ್ಲ.

ಗಬ್ಬೂರು ದಾಟಿದ ಮೇಲೆ ಹುಡುಗನನ್ನು ಮಾತಾಡಿಸಿದೆವು. ಎಂಟನೇ ಇಯತ್ತೆ. ಮರಿ ಯಾರದು ಅಂದರೆ "ನಂದೇರಿ" ಅಂದ, ಎದೆ ಉಬ್ಬಿಸಿ. ಮನೆಯಲ್ಲಿ ಇನ್ನೊಂದು ಇದೆಯಂತೆ. ದಿನಾ ಸಾಲಿಗೆ ಹೋಗ್ತೀಯಾ ತಮ್ಮಾ, ಅಂತ ಕೇಳಿದೆವು. ಹುಡುಗ ಅಜ್ಜಿಯ ಮುಖ ನೋಡಿದ. ಅಜ್ಜಿ ಕಿಟಕಿಯ ಕಡೆ ನೋಡಿದಳು.

"ಈಗೇನೋ ಹೋಗ್ತಾನ್ರಿ. ಆಡು ನಾಕು ಆದ್ವಂದ್ರ ಕಾಯೋರ್ಯಾರು? ಅವಾಗ ನೋಡ್ಬೇಕು" ಅಂದಳು.

ನಗುತ್ತಿದ್ದ ನಮಗೆ ನಗು ಅಲ್ಲಿಗೇ ನಿಂತಿತು. ಇವತ್ತಿನ ಈ ಬರಹಕ್ಕೆ ಆ ಒಂದು ಮಾತೇ ಕಾರಣ.

ಬಡವರ ಮನೆಯ ಬ್ಯಾಂಕು

ವಾಚಕರೇ, ಆಡು ಅಂದರೆ ನಮ್ಮ ಜಿಲ್ಲೆಯಲ್ಲಿ ಸಣ್ಣ ಮಾತಲ್ಲ. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ, ನಡುವೆ ನಾವು. ಹೆಸರಿಗೆ ಎರಡು ನದಿ. ಆದರೂ ಕಾಲುವೆ ಮುಟ್ಟದ ಊರುಗಳಲ್ಲಿ ಮಳೆಯನ್ನೇ ನಂಬಿದ ಹೊಲ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಹತ್ತಿರಕ್ಕೆ ಹೋಗುವ ಸೀಮೆ ಇದು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. ಮಳೆ ಕೈಕೊಟ್ಟ ವರ್ಷ ಗಂಟು ಮೂಟೆ ಕಟ್ಟಿ ಬೆಂಗಳೂರಿಗೆ ಗುಳೇ ಹೋಗುವವರನ್ನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನೋಡದವರು ಯಾರಿದ್ದಾರೆ?

ಇಂಥ ಸೀಮೆಯಲ್ಲಿ ಆಸ್ಪತ್ರೆಗೆ ರೊಕ್ಕ ಬೇಕಾದರೆ, ಸಾಲಿ ಫೀಸು ಕಟ್ಟಬೇಕಾದರೆ, ಮಗಳ ಸೀಮಂತ ಬಂದರೆ ಕೈಗೆ ಮೊದಲು ಸಿಗುವುದು ಆಡು. ಹೊಲ ಅಡವಿಟ್ಟರೆ ಬಿಡಿಸಿಕೊಳ್ಳುವುದು ಯಾವಾಗಲೋ. ಆಡಾದರೆ ಸಂತೆಗೆ ಹೊಡೆದುಕೊಂಡು ಹೋದರೆ ಅವತ್ತೇ ರೊಕ್ಕ. ಸಹಿ ಬೇಡ, ಜಾಮೀನು ಬೇಡ, ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವುದು ಬೇಡ.

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಆಡುಗಳ ಸಂಖ್ಯೆ ಸುಮಾರು 61 ಲಕ್ಷ. ಇವುಗಳಲ್ಲಿ ಹೆಚ್ಚಿನವು ದೊಡ್ಡ ಫಾರ್ಮಿನವಲ್ಲ. ಮನೆಮುಂದೆ ಗೂಟಕ್ಕೆ ಕಟ್ಟಿದ ಎರಡು, ಮೂರು, ಐದು. ಅವನ್ನು ನೋಡಿಕೊಳ್ಳುವವರು ಬಹಳ ಮಟ್ಟಿಗೆ ಹೆಂಗಸರು ಮತ್ತು ಮಕ್ಕಳು.

ಯಾವ ಆಡು ಬೇಕು?

ಈಗ ಹೊಸ ಹುರುಪಿನ ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದು, ಪಂಜಾಬಿನ ಬೀಟಲ್ ತರೋಣ, ರಾಜಸ್ಥಾನದ ಸಿರೋಹಿ ತರೋಣ, ಆಫ್ರಿಕಾದ ಬೋಯರ್ ತರೋಣ ಅನ್ನುತ್ತಾರೆ. ದೊಡ್ಡ ಮೈ, ದೊಡ್ಡ ತೂಕ, ನೋಡಲಿಕ್ಕೆ ಚೆಂದ. ಆದರೆ ಅವು ಕೇಳುವ ಮೇವು, ನೆರಳು, ನೀರು, ಔಷಧಿ ನಮ್ಮ ಹಟ್ಟಿಯಲ್ಲಿ ಇದೆಯೇ?

ನಮ್ಮ ಕಡೆಗೆ ಒಗ್ಗಿದ ತಳಿ ನೆರೆಮನೆಯದೇ. ಅದು ಉಸ್ಮಾನಾಬಾದಿ. ನಿಜಾಮರ ಕಾಲದಲ್ಲಿ ರಾಯಚೂರು, ಉಸ್ಮಾನಾಬಾದ್ ಎರಡೂ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಉಸ್ಮಾನಾಬಾದ್ ಊರಿಗೇ 2023ರಲ್ಲಿ ಧಾರಾಶಿವ ಎಂಬ ಹೆಸರು ಬಂತು. ಆಡಿಗೆ ಮಾತ್ರ ಹಳೆಯ ಹೆಸರೇ ಉಳಿಯಿತು. ಹೆಚ್ಚಿನವು ಕರಿ ಬಣ್ಣ. ದೊಡ್ಡದಾದಾಗ ತೂಕ 30ರಿಂದ 35 ಕಿಲೋ. ಅವಳಿ ಮರಿ ಹಾಕುವುದು ಈ ತಳಿಯಲ್ಲಿ ಸಾಮಾನ್ಯ. ಬಿಸಿಲು ತಡೆಯುತ್ತದೆ, ದೂರ ನಡೆಯುತ್ತದೆ, ಜಾಲಿ, ಬಾರಿ, ಬನ್ನಿ, ಬೇವು ಏನು ಸಿಕ್ಕರೂ ಬಾಯಿ ಹಾಕುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಗಟ್ಟಿ ಆಡಿನ ಬೆಲೆ ಪರದೇಶದವರಿಗೂ ಗೊತ್ತು. ನ್ಯೂಜಿಲೆಂಡಿನಲ್ಲಿ 1980ರ ದಶಕದಲ್ಲಿ ಕಾಡುಬಿದ್ದ ಆಡುಗಳನ್ನು ಹಿಡಿದು ತಂದು, ಹಾಲಿನ ತಳಿಯ ಹೋತಗಳ ಜೊತೆ ಕೂಡಿಸಿ, ಹೆಚ್ಚು ಆರೈಕೆ ಇಲ್ಲದೆಯೂ ಬದುಕಿ ಬೆಳೆದವನ್ನೇ ಆರಿಸಿ ಆರಿಸಿ 'ಕಿಕೊ' ಎಂಬ ತಳಿ ಮಾಡಿದರು. ಅವರು ಹಟ ಹಿಡಿದು ಮಾಡಿದ ಕೆಲಸವನ್ನು ನಮ್ಮಲ್ಲಿ ಬರಗಾಲವೇ ನೂರಾರು ವರ್ಷ ಮಾಡಿದೆ. ಅಂಥ ಆಡನ್ನು ಬಿಟ್ಟು ಮೈ ನೋಡಿ ಮರುಳಾಗುವುದು ಜಾಣತನವಲ್ಲ.

ದೇವದುರ್ಗದ ಆಡು, ಮಾನ್ವಿಯ ಆಡು

ಹಾಗಂತ ಗಟ್ಟಿ ಆಡು ಅಂದರೆ ಏನೂ ನೋಡಬೇಕಾಗಿಲ್ಲ ಅಂತಲ್ಲ. ಒಂದೇ ಜಿಲ್ಲೆಯ ಎರಡು ತಾಲ್ಲೂಕಿನಲ್ಲಿ ಎರಡು ಥರದ ಅಪಾಯ.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಹಸಿರು ಕಂಡು ಆಡು ಕಾಲುವೆ ದಂಡೆಗೆ ಓಡುತ್ತದೆ. ಅಲ್ಲಿಯ ಜೌಗಿನಲ್ಲಿ ಬಸವನಹುಳು ಇರುತ್ತವೆ. ಅವುಗಳ ಮೂಲಕ ಹುಲ್ಲಿಗೆ ಬಂದು, ಹುಲ್ಲಿನಿಂದ ಆಡಿನ ಹೊಟ್ಟೆ ಸೇರಿ ಪಿತ್ತಕೋಶ ತಿನ್ನುವ ಚಪ್ಪಟೆ ಹುಳು ಒಂದಿದೆ. ಆಡು ಬಡಕಲಾಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ಮೇವು ಚೆನ್ನಾಗಿ ತಿಂತದ, ಆದ್ರೂ ಮೈಗೆ ಹತ್ತವಲ್ದು ಅನ್ನುವವರು ಮೊದಲು ಹುಳದ ಔಷಧಿಯ ಬಗ್ಗೆ ವಿಚಾರಿಸಬೇಕು. ಕಾಲು ಸದಾ ಕೆಸರಿನಲ್ಲಿದ್ದರೆ ಗೊರಸು ಕೊಳೆಯುವುದೂ ಉಂಟು.

ದೇವದುರ್ಗದ ಕಲ್ಲು ನೆಲ ಆಡಿಗೆ ಹೇಳಿ ಮಾಡಿಸಿದಂಥದು. ಆದರೆ ಅಲ್ಲಿ ಹತ್ತಿ ಹೊಲದ ಭಯ. ನಾಲ್ಕು ದಿನದ ಹಿಂದೆ ಎಣ್ಣೆ ಹೊಡೆದ ಹೊಲಕ್ಕೆ ಆಡು ನುಗ್ಗಿದರೆ ಕಥೆ ಮುಗಿಯಿತು. ಪಕ್ಕದ ಹೊಲದವರು ಯಾವತ್ತು ಔಷಧಿ ಹೊಡೆದರು ಅನ್ನುವುದನ್ನು ಆಡು ಸಾಕುವವರು ಕೇಳಿ ಇಟ್ಟುಕೊಳ್ಳಬೇಕು. ಇನ್ನೊಂದು, ಮಳೆ ಹೋಗಿ ಬಾಡಿ ನಿಂತ ಎಳೆಯ ಜೋಳ. ಅದರಲ್ಲಿ ವಿಷದ ಅಂಶ ಇರುತ್ತದೆ. ಹಸಿದ ಆಡು ಅದನ್ನು ಮೇಯ್ದರೆ ನೋಡುನೋಡುತ್ತಲೇ ಬೀಳುತ್ತದೆ. ಹಿರಿಯರಿಗೆ ಇದು ಗೊತ್ತು, ಹುಡುಗರಿಗೆ ಹೇಳಿಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಹಿರೇಬೇನೆ. ಡಾಕ್ಟರರು ಪಿ.ಪಿ.ಆರ್. ಅನ್ನುತ್ತಾರೆ. ಜ್ವರ, ಕಣ್ಣು ಮೂಗಿನಲ್ಲಿ ಕೀವು, ಬಾಯಿ ಹುಣ್ಣು, ಭೇದಿ; ಒಂದಕ್ಕೆ ಬಂದರೆ ಹಟ್ಟಿಗೆಲ್ಲ ಹರಡುತ್ತದೆ. ಈ ರೋಗ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಇದಕ್ಕೆ ಲಸಿಕೆ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಮರಿಗೆ ನಾಲ್ಕು ತಿಂಗಳಾದ ಮೇಲೆ ಒಂದು ಸೂಜಿ ಹಾಕಿಸಿದರೆ ಮೂರು ವರ್ಷದ ತನಕ ರಕ್ಷಣೆ. 2030ರೊಳಗೆ ಜಗತ್ತಿನಿಂದಲೇ ಈ ರೋಗವನ್ನು ಓಡಿಸಬೇಕು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಗುರಿ ಇಟ್ಟುಕೊಂಡಿದೆ. ಗುರಿ ಮುಟ್ಟುವುದು ರೋಮ್ ನಗರದಲ್ಲಿ ಅಲ್ಲ, ನಮ್ಮ ಹಟ್ಟಿಯಲ್ಲಿ! ಮಳೆಗಾಲಕ್ಕೆ ಮೊದಲು ಕರುಳುಬೇನೆಯ ಸೂಜಿಯನ್ನೂ ಮರೆಯಬಾರದು. ಹೊಸ ಚಿಗುರು ಅತಿಯಾಗಿ ತಿಂದ ಆಡು ರಾತ್ರಿ ನೆಟ್ಟಗಿದ್ದು ಬೆಳಿಗ್ಗೆ ಸತ್ತು ಬಿದ್ದಿದ್ದರೆ ಅದು ಮಾಟ ಅಲ್ಲ, ಮಂತ್ರ ಅಲ್ಲ, ಹೆಚ್ಚಿನ ಸಲ ಈ ಬೇನೆಯೇ.

ಆಡು ಸತ್ತರೆ ಹೂಳುವ ಮೊದಲು ದನದ ದವಾಖಾನೆಗೆ ಸುದ್ದಿ ಮುಟ್ಟಿಸಿ. ಸರ್ಕಾರದ 'ಅನುಗ್ರಹ' ಯೋಜನೆಯಲ್ಲಿ ಸತ್ತ ಆಡು, ಕುರಿಗೆ ಕೊಡುವ ಪರಿಹಾರವನ್ನು 2025ರ ಬಜೆಟ್ಟಿನಲ್ಲಿ 5,000 ರೂಪಾಯಿಯಿಂದ 7,500ಕ್ಕೆ ಏರಿಸುವುದಾಗಿ ಹೇಳಲಾಯಿತು. ಡಾಕ್ಟರು ನೋಡಿ ಬರೆದುಕೊಟ್ಟರೆ ತಾನೇ ಕೇಳಲಿಕ್ಕೆ ಬಾಯಿ ಬರುವುದು? 1962 ನಂಬರಿಗೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಊರಿಗೇ ಬರುವ ಏರ್ಪಾಡೂ ಇದೆ.

ಅಮೆರಿಕದ ಹುಡುಗರು ಏನು ಮಾಡುತ್ತಾರೆ?

ಇಷ್ಟು ಹೇಳಿ ಮತ್ತೆ ಬಸ್ಸಿನ ಹುಡುಗನ ಬಳಿ ಬರೋಣ.

ಅಮೆರಿಕದಲ್ಲಿ 'ಫೋರ್ ಎಚ್' ಎಂಬ ಮಕ್ಕಳ ಸಂಘಗಳಿವೆ. 1902ರಲ್ಲಿ ಒಹಾಯೊ ರಾಜ್ಯದಲ್ಲಿ ಒಬ್ಬ ಸಾಲಿ ಅಧಿಕಾರಿ ಶುರು ಮಾಡಿದ ಹುಡುಗರ ಕೂಟ ಅದರ ಮೂಲ. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ 'ಎಚ್' ಅಕ್ಷರ. ಅಲ್ಲಿ ರೈತರ ಮಗನೋ ಮಗಳೋ ಒಂದು ಆಡಿನ ಮರಿಯನ್ನು ತನ್ನ ಹೆಸರಿನಲ್ಲಿ ಸಾಕುತ್ತಾರೆ. ಎಷ್ಟು ಮೇವು ಹಾಕಿದೆ, ಎಷ್ಟು ಖರ್ಚಾಯಿತು, ಎಷ್ಟು ತೂಕ ಬಂತು ಎಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಜಿಲ್ಲಾ ಜಾತ್ರೆಯಲ್ಲಿ ಅದನ್ನು ತೋರಿಸುತ್ತಾರೆ, ಹರಾಜು ಹಾಕುತ್ತಾರೆ, ಬಂದ ರೊಕ್ಕವನ್ನು ಓದಿಗೆ ಇಟ್ಟುಕೊಳ್ಳುವವರೂ ಇದ್ದಾರೆ.

ನಮ್ಮ ಹುಡುಗನೂ ಆಡು ಸಾಕುತ್ತಾನೆ, ಅವರ ಹುಡುಗನೂ ಸಾಕುತ್ತಾನೆ. ಫರಕು ಎಲ್ಲಿ? ಅಲ್ಲಿ ಆಡು ಹುಡುಗನನ್ನು ಸಾಲಿಯ ಕಡೆ ಕರೆದುಕೊಂಡು ಹೋಗುತ್ತದೆ. ಇಲ್ಲಿ ಆಡು ನಾಲ್ಕಾದರೆ ಹುಡುಗ ಸಾಲಿ ಬಿಟ್ಟು ಅಡವಿಗೆ ಹೋಗುತ್ತಾನೆ. ಅಲ್ಲಿ ಲೆಕ್ಕದ ಪುಸ್ತಕ ಹುಡುಗನ ಕೈಯಲ್ಲಿ, ಇಲ್ಲಿ ಕೋಲು.

ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂಬ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯೂ ಸ್ಪಷ್ಟವಾಗಿ ಹೇಳುತ್ತದೆ: ಸಾಲಿ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯ ಕೆಲಸಕ್ಕೆ ಮಕ್ಕಳು ಕೈಗೂಡಿಸಬಹುದು, ಓದಿಗೆ ಅಡ್ಡಿಯಾಗಬಾರದು. ಸಂಜೆ ಸೊಪ್ಪು ತರುವುದು ಬೇರೆ, ಬೆಳಿಗ್ಗೆಯಿಂದ ಸಂಜೆ ತನಕ ಅಡವಿಯಲ್ಲಿ ನಿಲ್ಲುವುದು ಬೇರೆ.

ಹಾಗಾದರೆ ಹಗಲೆಲ್ಲ ಕಾಯೋರ್ಯಾರು ಅಂತ ಅಜ್ಜಿ ಕೇಳಿದ್ದು ನ್ಯಾಯವೇ. ಉತ್ತರ ಕಷ್ಟದ್ದಲ್ಲ. ಓಣಿಯ ಹತ್ತು ಮನೆಯವರು ಸೇರಿ ತಲೆಗಿಷ್ಟು ಅಂತ ತಿಂಗಳಿಗೆ ಕೊಟ್ಟು ಒಬ್ಬ ದೊಡ್ಡವನನ್ನು ಕಾಯಲಿಕ್ಕೆ ಇಡಬಹುದು. ಅದು ಆಗದಿದ್ದರೆ ಎರಡು ಆಡನ್ನು ಮನೆಯಲ್ಲೇ ಕಟ್ಟಿ ಮೇಯಿಸಬಹುದು. ಒಂದಕ್ಕೆ ದಿನಕ್ಕೆ ಮೂರರಿಂದ ನಾಲ್ಕು ಕಿಲೋ ಹಸಿ ಸೊಪ್ಪು, ಅರ್ಧ ಕಿಲೋ ತೊಗರಿ ಹೊಟ್ಟೋ ಶೇಂಗಾ ಹೊಟ್ಟೋ ಸಾಕು. ಹೊಲದ ಬದುವಿಗೆ ನುಗ್ಗೆ, ಸುಬಾಬುಲ್ ಹಚ್ಚಿದರೆ ಬೇಸಿಗೆಯಲ್ಲೂ ಸೊಪ್ಪು ಸಿಗುತ್ತದೆ. ಆದರೆ ಸುಬಾಬುಲ್ ಒಂದನ್ನೇ ಹಾಕಬೇಡಿ. ಮೂರು ಪಾಲಿನಲ್ಲಿ ಒಂದು ಪಾಲು ಮೀರಿದರೆ ಆಡಿನ ಕೂದಲು ಉದುರುತ್ತದೆ. ಬೆಳಿಗ್ಗೆ ಅರ್ಧ ತಾಸು, ಸಂಜೆ ಒಂದು ತಾಸು, ಇದು ಓದುವ ಹುಡುಗನಿಗೂ ಹುಡುಗಿಗೂ ಭಾರವಾಗದ ಕೆಲಸ.

ನೂರು ಆಡಿಗೆ ಸಬ್ಸಿಡಿ, ಎರಡು ಆಡಿಗೆ?

ಸರ್ಕಾರ ಏನೂ ಮಾಡಿಲ್ಲ ಅನ್ನುವುದು ತಪ್ಪು. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2021ರಿಂದ ಆಡು ಸಾಕಾಣಿಕೆಗೆ ಬಂಡವಾಳದ ಅರ್ಧದಷ್ಟು ಸಬ್ಸಿಡಿ ಇದೆ. ಆದರೆ ಅದು ಶುರುವಾಗುವುದೇ 100 ಹೆಣ್ಣಾಡು, 5 ಹೋತದಿಂದ. ಅದಕ್ಕೆ ಗರಿಷ್ಠ 10 ಲಕ್ಷ. 2022ರಲ್ಲಿ ರಾಜ್ಯ ಸರ್ಕಾರ 'ಅಮೃತ ಸ್ವಾಭಿಮಾನಿ ಕುರಿಗಾಹಿ' ಎಂಬ ಯೋಜನೆ ತಂದಿತು. ಕುರಿ, ಆಡು ಸಾಕುವವರ ಸಹಕಾರ ಸಂಘದ ಸದಸ್ಯರಿಗೆ 20 ಹೆಣ್ಣು, 1 ಗಂಡಿನ ಘಟಕ; ಅಂದಾಜು ವೆಚ್ಚ 1 ಲಕ್ಷ 75 ಸಾವಿರ.

ಒಳ್ಳೆಯದೇ. ಆದರೆ ನೂರು ಆಡು ಕಟ್ಟಲಿಕ್ಕೆ ಜಾಗ, ಬ್ಯಾಂಕಿಗೆ ತೋರಿಸಲಿಕ್ಕೆ ಕಾಗದ ಯಾರ ಬಳಿ ಇದೆ? ಬಸ್ಸಿನಲ್ಲಿ ಮರಿ ಹಿಡಿದು ಕೂತ ಹುಡುಗನ ಬಳಿಯೇ? ಏಣಿಯ ಮೇಲಿನ ಮೆಟ್ಟಿಲು ಗಟ್ಟಿಯಾಗಿವೆ. ಕೆಳಗಿನ ಎರಡು ಮೆಟ್ಟಿಲೇ ಇಲ್ಲ.

ಹಳೆಯ ಪಾಠವೂ ನೆನಪಿರಲಿ. 1980ರಲ್ಲಿ ದೇಶದ ಎಲ್ಲ ಬ್ಲಾಕುಗಳಿಗೆ ಬಂದ ಐ.ಆರ್.ಡಿ.ಪಿ. ಯೋಜನೆಯಲ್ಲಿ ಬಡವರಿಗೆ ಸಾಲ, ಸಬ್ಸಿಡಿ ಸೇರಿಸಿ ಹಸು, ಎಮ್ಮೆ, ಕುರಿ, ಆಡು ಕೊಟ್ಟರು. ಎಷ್ಟೋ ಕಡೆ ಪ್ರಾಣಿ ಕಡತದಲ್ಲಿ ಬದುಕಿತ್ತು, ಹಟ್ಟಿಯಲ್ಲಿ ಇರಲಿಲ್ಲ ಅನ್ನುವ ದೂರು ಆ ಕಾಲದಲ್ಲೇ ಕೇಳಿಬಂದಿತ್ತು. ಪ್ರಾಣಿ ಕೊಟ್ಟರಷ್ಟೇ ಸಾಲದು. ಸಾಕುವುದನ್ನು ಕಲಿಸಬೇಕು, ಲೆಕ್ಕ ಬರೆಸಬೇಕು, ಸೂಜಿ ಸಮಯಕ್ಕೆ ಹಾಕಿಸಬೇಕು.

ಒಂದು ಸಣ್ಣ ಲೆಕ್ಕ

ಅಂಗಡಿಕಾರ ಮಿತ್ರರೇ, ಲೆಕ್ಕ ಅಂದರೆ ನಿಮಗೆ ಇಷ್ಟ. ಹಾಗಾದರೆ ಹಿಡಿಯಿರಿ.

ಆಡು ಗಬ್ಬವಾಗಿ ಸುಮಾರು 150 ದಿನಕ್ಕೆ ಈಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷದಲ್ಲಿ ಮೂರು ಸಲ. ಎರಡು ಆಡು, ಆರು ಈತ. ಒಂದು ಸಲ ಒಂದು, ಇನ್ನೊಂದು ಸಲ ಎರಡು ಅಂತ ಹಿಡಿದರೆ ಒಂಬತ್ತು ಮರಿ. ದೇವರ ಲೆಕ್ಕಕ್ಕೆ ಎರಡು ಬಿಡಿ. ಉಳಿದ ಏಳರಲ್ಲಿ ಎರಡು ಹೆಣ್ಣುಮರಿ ಮನೆಗೆ. ಐದು ಮರಿ ಸಂತೆಗೆ. ಒಂದಕ್ಕೆ 6 ಸಾವಿರ ಅಂತ ಹಿಡಿದರೆ 30 ಸಾವಿರ. ಹೊಟ್ಟು, ಹಿಂಡಿ, ಔಷಧಿಗೆ 6 ಸಾವಿರ ಕಳೆಯಿರಿ. ಎರಡೂವರೆ ವರ್ಷದಲ್ಲಿ 24 ಸಾವಿರ ಕೈಗೆ, ಎರಡಿದ್ದ ಆಡು ನಾಲ್ಕು. ಇದು ನಮ್ಮ ಅಂದಾಜು. ನಿಮ್ಮ ಸಂತೆಯ ಧಾರಣೆ ನೋಡಿ ತಿದ್ದಿಕೊಳ್ಳಿ.

ಎಂಟನೇ ಇಯತ್ತೆಯ ಹುಡುಗ ಇವತ್ತು ಶುರು ಮಾಡಿದರೆ ಹತ್ತನೇ ಇಯತ್ತೆ ಮುಗಿಸಿ ಕಾಲೇಜಿನ ಬಾಗಿಲಿಗೆ ಬರುವ ಹೊತ್ತಿಗೆ ಈ ರೊಕ್ಕ ಕೈಯಲ್ಲಿರುತ್ತದೆ. ಅವತ್ತು ಅಪ್ಪ "ಫೀಸಿಗೆ ರೊಕ್ಕ ಇಲ್ಲ, ಬೆಂಗಳೂರಿಗೆ ನಡಿ" ಅನ್ನುವ ಹಾಗಿಲ್ಲ.

ನಾವು ಮಾಡಬಹುದಾದ್ದು

ನಮ್ಮ ಕಡೆ ಆಡನ್ನು ಪಾಲಿಗೆ ಕೊಡುವ ಪದ್ಧತಿ ಹಳೆಯದು. ಆಡು ಒಬ್ಬರದು, ಸಾಕುವುದು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಅರ್ಧ ಅರ್ಧ. ಎಷ್ಟು ವರ್ಷ ಸಾಕಿದರೂ ತಾಯಿ ಆಡು ಸಾಕಿದವನದಾಗುವುದಿಲ್ಲ.

ಇದನ್ನೇ ಸ್ವಲ್ಪ ತಿದ್ದೋಣ. ಒಬ್ಬ ಅಂಗಡಿಕಾರರು ಒಂದು ಹೆಣ್ಣಾಡನ್ನು ಓದುವ ಒಬ್ಬ ಹುಡುಗನಿಗೋ ಹುಡುಗಿಗೋ ಕೊಡಲಿ. ವಾಪಸ್ ಕೇಳುವುದು ಒಂದೇ ಒಂದು ಹೆಣ್ಣುಮರಿ. ಆ ಮರಿ ದೊಡ್ಡದಾದ ಮೇಲೆ ಇನ್ನೊಂದು ಮಗುವಿನ ಮನೆಗೆ. ಅಲ್ಲಿಗೆ ಮೊದಲಿನವರ ಋಣ ಮುಗಿಯಿತು. ತಾಯಿ ಆಡು ಮಗುವಿನದು. ಷರತ್ತು ಎರಡು, ಅವನ್ನು ಚೀಟಿಯಲ್ಲಿ ಬರೆದೇ ಕೊಡಬೇಕು. ಸಾಲಿ ಹಾಜರಿ ತಪ್ಪಬಾರದು. ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಬೇಕು.

ಆ ನೋಟ್‌ಬುಕ್ಕಿನಲ್ಲಿ ಏನಿರಬೇಕು? ಹೋತ ಕೂಡಿಸಿದ ದಿನ. ಮರಿ ಹುಟ್ಟಿದ ದಿನ, ಹುಟ್ಟಿದಾಗಿನ ತೂಕ. ಗಿಣ್ಣದ ಹಾಲು ಮೊದಲ ಒಂದು ತಾಸಿನೊಳಗೆ ಕುಡಿಯಿತೋ ಇಲ್ಲವೋ. ಸೂಜಿ ಹಾಕಿಸಿದ ತಾರೀಖು, ಹುಳದ ಔಷಧಿ ಕುಡಿಸಿದ ತಾರೀಖು. ಖರ್ಚು, ಜಮಾ. ತೂಕಕ್ಕೆ ಏನು ಮಾಡಬೇಕು ಅಂದರೆ, ನಿಮ್ಮ ತಕ್ಕಡಿ ಯಾತಕ್ಕಿದೆ? ತಿಂಗಳಿಗೊಮ್ಮೆ ಹುಡುಗ ಮರಿ ಎತ್ತಿಕೊಂಡು ಅಂಗಡಿಗೆ ಬಂದರೆ ಚೀಲದಲ್ಲಿ ಇಳಿಬಿಟ್ಟು ತೂಗಿ ಹೇಳಿ. ಹುಟ್ಟಿದಾಗ ಎರಡು, ಎರಡೂವರೆ ಕಿಲೋ ಇದ್ದದ್ದು ತಿಂಗಳು ತಿಂಗಳು ಏರುವುದನ್ನು ಬರೆದುಕೊಂಡ ಹುಡುಗನನ್ನು ಸಂತೆಯಲ್ಲಿ ದಲಾಲಿ ಮೋಸ ಮಾಡಲಾರ. ಕೈಯಲ್ಲಿ ಎತ್ತಿ ನೋಡಿ ಬಾಯಿಗೆ ಬಂದ ತೂಕ ಹೇಳಿದರೆ "ಅಣ್ಣಾ, ಹದಿನಾಲ್ಕು ಕಿಲೋ ಐತಿ, ಬೇಕಾದ್ರ ತೂಗಿ ನೋಡು" ಅನ್ನುತ್ತಾನೆ. ಲೆಕ್ಕದ ಪಾಠ ಅಂದರೆ ಇದಲ್ಲವೇ?

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುವ ಕೃಷಿ ಮೇಳಕ್ಕೆ ಜನ ಹಿಂಡು ಹಿಂಡಾಗಿ ಬರುತ್ತಾರೆ. ಮಕ್ಕಳು ಸಾಕಿದ ಆಡಿಗೆ ಅಲ್ಲಿ ಒಂದು ಚಪ್ಪರ ಹಾಕಿ, ಮೈಯ ಅಂದಕ್ಕೆ ಅಲ್ಲ, ಅಚ್ಚುಕಟ್ಟಾಗಿ ಬರೆದ ನೋಟ್‌ಬುಕ್ಕಿಗೆ ಬಹುಮಾನ ಕೊಟ್ಟರೆ ಹೇಗೆ? ಖರ್ಚು ದೊಡ್ಡದಲ್ಲ. ಬಹುಮಾನಕ್ಕೆ ಒಂದು ಚೀಲ ಹಿಂಡಿ ಸಾಕು.

ಕೊನೆಗೆ ಬಸ್ಸಿನಲ್ಲಿ ಓಡಾಡುವ ನಮ್ಮ ವಾಚಕರಿಗೆ ಒಂದು ಮಾತು. ದೇವದುರ್ಗದ ಬಸ್ಸಿನಲ್ಲೋ ಮಾನ್ವಿ ಬಸ್ಸಿನಲ್ಲೋ ಮರಿ ಹಿಡಿದು ಕೂತ ಹುಡುಗನೋ ಹುಡುಗಿಯೋ ಕಂಡರೆ, ವಾಸನೆ ಅಂತ ಮೂಗು ಮುಚ್ಚಬೇಡಿ. ಸ್ವಲ್ಪ ಸರಿದು ಜಾಗ ಕೊಡಿ. ಎರಡೇ ಮಾತು ಕೇಳಿ: "ಸೂಜಿ ಹಾಕ್ಸೀಯೇನ್ ತಮ್ಮಾ? ನಾಳೆ ಸಾಲಿಗೆ ಹೋಗ್ತೀಯಲ್ಲ?"

ನಮ್ಮ ಬಸ್ಸಿನ ಹುಡುಗ ಇಳಿಯುವಾಗ ನಾವೂ ಅದನ್ನೇ ಕೇಳಿದೆವು. ಸೂಜಿಯ ಮಾತಿಗೆ ತಲೆ ಅಡ್ಡ ಆಡಿಸಿದ. ಸಾಲಿಯ ಮಾತಿಗೆ ಅಜ್ಜಿಯೇ ಉತ್ತರ ಕೊಟ್ಟಳು:

"ಕಳಸ್ತೀನ್ರಿ, ನಾಳೆ ಕಳಸ್ತೀನಿ."

ನಾಳೆಯದು ಸರಿ ಅಜ್ಜಿ. ಆಡು ನಾಲ್ಕಾದ ಮೇಲೂ ಕಳಿಸಬೇಕು ನೋಡು.